ಚಿಗರಿಯ ಪಥಕ್ಕೆ ಕಾರುಗಳನ್ನು ಬಿಡುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ಹುಬ್ಬಳ್ಳಿ-ಧಾರವಾಡದ ನಡುವೆ ತ್ವರಿತ ಸಂಚಾರಕ್ಕೆಂದು ಬಸ್ಸುಗಳಿಗಷ್ಟೇ ಮೀಸಲಿಟ್ಟ ಬಿಆರ್‌ಟಿಎಸ್ ಪಥವನ್ನು ಎಲ್ಲ ವಾಹನಗಳಿಗೂ ಮುಕ್ತಗೊಳಿಸಬೇಕೆಂಬ ಬೇಡಿಕೆ ಮತ್ತೆ ಮತ್ತೆ ಕೇಳಿಬರುತ್ತಿದೆ. ಎರಡೂ ಬದಿಯಲ್ಲಿ ಕಾರು, ಟಂಟಂ, ಲಾರಿಗಳು ಒತ್ತೊತ್ತಾಗಿ ನಿಂತಿರುವಾಗ ನಡುವಿನ ಪಥ ಬರಿದಾಗಿ ಕಂಡರೆ ಸಿಟ್ಟು ಬರುವುದು ಸಹಜವೇ. ಆದರೆ ಬಸ್ಸುಗಳು ಅಲ್ಲಿ ಸಿಕ್ಕಿಕೊಳ್ಳದೆ ಸಾಗಿಹೋಗುವುದರಿಂದಲೇ ಆ ಪಥ ಖಾಲಿ ಕಾಣುತ್ತದೆ. ಈ ಪಥದಲ್ಲಿ ಓಡುವ ಒಂದು ‘ಚಿಗರಿ’ ಬಸ್ಸಿನಲ್ಲಿ ಕೂತವರೂ ನಿಂತವರೂ ತಮ್ಮ ತಮ್ಮ ಬೈಕು, ಕಾರುಗಳಲ್ಲಿ ಹೊರಟರೆ ಉಣಕಲ್ಲಿನ ಹತ್ತಿರ ಏನಾದೀತೆಂದು ಯಾರೂ ಲೆಕ್ಕ ಹಾಕುತ್ತಿಲ್ಲ. ರಸ್ತೆಯ ಜಾಗವನ್ನು ವಾಹನಗಳ ಬದಲು ಜನರನ್ನು ನೋಡಿ ಹಂಚಬೇಕೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳಿದೆ.

2018ರಲ್ಲಿ ಬಸ್ಸುಗಳು ಓಡಲಾರಂಭಿಸಿ, 2020ರ ಫೆಬ್ರುವರಿಯಲ್ಲಿ ಅಂದಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರಿಂದ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ಈ ಸುಮಾರು 22 ಕಿ.ಮೀ. ಮಾರ್ಗದ ರಚನೆಯೇ ಬೇರೆ. ನಿಲ್ದಾಣಗಳು ರಸ್ತೆಯ ನಡುವೆ ಇವೆ, ಬಸ್ಸಿನ ಬಲಬದಿಯ ಬಾಗಿಲು ನಿಲ್ದಾಣದ ಕಟ್ಟೆಯ ಮಟ್ಟಕ್ಕೆ ತೆರೆದುಕೊಳ್ಳುತ್ತದೆ, ಹಿಂದೆ ಬರುವ ಎಕ್ಸ್‌ಪ್ರೆಸ್ ಬಸ್ ದಾಟಿಹೋಗಲೆಂದು ಪಕ್ಕದಲ್ಲಿ ಜಾಗ ಬಿಡಲಾಗಿದೆ. ಅದೇ ಜಾಗಕ್ಕೆ ಕಾರುಗಳು ನುಗ್ಗಿದರೆ ಬಸ್ಸೂ ನಿಲ್ಲುತ್ತದೆ, ಅದರ ಹಿಂದೆ ಕಾರೂ ನಿಲ್ಲುತ್ತದೆ. ದೆಹಲಿಯಲ್ಲಿ 2008ರಲ್ಲಿ ಆರಂಭವಾಗಿದ್ದ 5.8 ಕಿ.ಮೀ. ಬಿಆರ್‌ಟಿ ಪಥವನ್ನು 2016ರಲ್ಲಿ ಕಿತ್ತುಹಾಕಲಾಯಿತು. ಅಷ್ಟರಿಂದ ಆ ನಗರದ ದಟ್ಟಣೆಯೇನೂ ಕರಗಲಿಲ್ಲ.

ಹಾಗೆಂದು ಈಗಿನ ವ್ಯವಸ್ಥೆಯಲ್ಲಿ ದೋಷವಿಲ್ಲವೆಂದಲ್ಲ. ನಿಲ್ದಾಣ ತಲುಪಲು ಭರದಿಂದ ಬರುವ ವಾಹನಗಳ ಸಾಲನ್ನು ದಾಟಬೇಕು. ಮೊಣಕಾಲು ನೋವಿನ ನನ್ನಂಥವರಿಗೆ ಇಡೀ ಪ್ರಯಾಣದಲ್ಲಿ ಕಷ್ಟದ ಭಾಗವೆಂದರೆ ಆ ನಾಲ್ಕು ಹೆಜ್ಜೆಗಳೇ. ಗೋಕುಲ ರಸ್ತೆ, ಕೇಶ್ವಾಪುರ, ಹಳೇ ಹುಬ್ಬಳ್ಳಿ, ಸಪ್ತಾಪುರದ ಕಡೆಯವರಿಗೆ ನಿಲ್ದಾಣದವರೆಗೆ ಹೊತ್ತಿಗೆ ಸರಿಯಾಗಿ ಸಂಪರ್ಕ ಬಸ್ ಸಿಗದಿದ್ದರೆ ಅವರು ಮನೆಯಿಂದಲೇ ಬೈಕ್ ಹತ್ತುತ್ತಾರೆ, ಹತ್ತಿದವರು ಹೋಗಬೇಕಾದಲ್ಲಿಗೆ ಮುಟ್ಟುವವರೆಗೂ ಇಳಿಯುವುದಿಲ್ಲ. ಪ್ರತ್ಯೇಕ ಪಥ ಮುಗಿದು ಬಸ್ಸುಗಳು ಊರೊಳಗಿನ ಸಂಚಾರಕ್ಕೆ ಸೇರುವಲ್ಲಿ ಉಳಿಸಿದ ಸಮಯವೂ ಕಳೆದುಹೋಗುತ್ತದೆ. ಟ್ರಾಮ್ ಮಾದರಿಯ ವಿದ್ಯುತ್ ವಾಹನಗಳನ್ನು ತರುವ ಮಾತೂ ಕೇಳಿಬಂದಿದೆ. ಬರಲಿ, ಬೇಡವೆನ್ನುವವರು ಯಾರು? ಆದರೆ ಅವುಗಳಿಗೂ ಬೇಕಾಗುವುದು ಅಡೆತಡೆಯಿಲ್ಲದ ದಾರಿಯೇ.

ನಮ್ಮ ಬಡಾವಣೆಯ ಕೆಲವು ನಿತ್ಯ ಪ್ರಯಾಣಿಕರು ಸೇರಿ ಈ ಕುರಿತು ಮನವಿ ಸಲ್ಲಿಸಿದ್ದೆವು. ಸ್ವೀಕೃತಿಯ ಮೊಹರು ಬಿದ್ದದ್ದು ಬಿಟ್ಟರೆ ಮುಂದೇನೂ ಆಗಲಿಲ್ಲ. ಪಥವನ್ನು ತೆರೆಯುವ ಬಗ್ಗೆ ತೀರ್ಮಾನಿಸುವವರು ಅದಕ್ಕೂ ಮೊದಲು ಒಂದು ವಾರ ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ ನವಲೂರಿನ ಬಳಿ ಪ್ರತಿ ಪಥದಲ್ಲಿ ಸಾಗುವ ಜನರ ತಲೆ ಎಣಿಸಿ, ಆ ಲೆಕ್ಕವನ್ನು ಬಹಿರಂಗಪಡಿಸಬೇಕು. ಎಣಿಸಲು ಸಿಬ್ಬಂದಿ ಸಾಲದಿದ್ದರೆ, ವಹಿ ಹಿಡಿದು ನಿಲ್ಲಲು ನಾವು ಸಿದ್ಧರಿದ್ದೇವೆ.

ಇಂತಿ,
ನಿತ್ಯ ಪ್ರಯಾಣಿಕ,
ನವನಗರ, ಹುಬ್ಬಳ್ಳಿ