ಮೈಲುತುತ್ತದ ಲೆಕ್ಕ ಇಡೋಣ

ಮಾನ್ಯ ಸಂಪಾದಕರೆ,

ಮಳೆ ಹಿಡಿಯಿತೆಂದರೆ ಶಿರಸಿ ಸೀಮೆಯ ಅಡಿಕೆ ಬೆಳೆಗಾರರಿಗೆ ಕೊಳೆ ರೋಗದ್ದೇ ಚಿಂತೆ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರು ಸಿಕ್ಕ ದಿನ ಬೋರ್ಡೋ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ದ್ರಾವಣ, ಹೊಡೆಸುತ್ತೇವೆ. ಈ ಮದ್ದು ಹುಟ್ಟಿದ್ದು 1880ರ ದಶಕದಲ್ಲಿ, ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ. ಇಂದು ಅದೇ ದ್ರಾಕ್ಷಿ ಬೆಳೆಗಾರರಿಗೆ ಐರೋಪ್ಯ ಒಕ್ಕೂಟ 7 ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರದ ಮಿತಿ ಹಾಕಿದೆ. ತಾಮ್ರ ಕೊಳೆತು ಹೋಗುವ ವಸ್ತುವಲ್ಲ, ಮಣ್ಣಿನಲ್ಲೇ ಕೂಡುತ್ತ ಹೋಗುತ್ತದೆ.

ನಮ್ಮಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬುದು ಬಾಯಿಪಾಠ. ಆ ಒಂದು ಕಿಲೋದಲ್ಲಿ ಕಾಲು ಕಿಲೋ ತಾಮ್ರವೇ. ಹತ್ತು ವರ್ಷದಲ್ಲಿ ನಿಮ್ಮ ತೋಟಕ್ಕೆ ಎಷ್ಟು ಬಿತ್ತು ಎಂದು ಮಗಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಡ್ರಮ್ಮು ತೊಳೆದ ನೀಲಿ ನೀರು ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ, ಕೊನೆಗೆ ಅಘನಾಶಿನಿ ನದಿಗೆ. ಕುಮಟಾದ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಆರಿಸಿ ಬದುಕುವವರೂ ಇದೇ ನೀರಿನವರು.

ಮದ್ದು ಬಿಡಿ ಎನ್ನುತ್ತಿಲ್ಲ, ಬಿಟ್ಟರೆ ಬೆಳೆ ಉಳಿಯದು. ಸಹಕಾರಿ ಸಂಘಗಳು ಮೈಲುತುತ್ತದ ಜೊತೆ ಸಿಂಪಡಣೆ ಬರೆದಿಡಲು ಒಂದು ಪುಸ್ತಕ ಕೊಡಲಿ. ಮಣ್ಣು ಪರೀಕ್ಷೆಯಲ್ಲಿ ತಾಮ್ರದ ಪ್ರಮಾಣವನ್ನೂ ತಪ್ಪದೆ ನೋಡಿ ತಿಳಿಸುವಂತೆ ತೋಟಗಾರಿಕೆ ಇಲಾಖೆಯನ್ನು ಕೋರುತ್ತೇನೆ.

– ಒಬ್ಬ ಅಡಿಕೆ ಬೆಳೆಗಾರ, ಶಿರಸಿ