ಆಪ್ಟೊಮೆಟ್ರಿ ಸೀಟಿನ ಹಿಂದೆ ನಿಂತವರಿಗೆ

ಅಮೆರಿಕದಲ್ಲಿ ನಾಲ್ಕು ವರ್ಷದ ಓ.ಡಿ. (ಡಾಕ್ಟರ್ ಆಫ್ ಆಪ್ಟೊಮೆಟ್ರಿ, ಅಂದರೆ ಕಣ್ಣು ಪರೀಕ್ಷಿಸಿ ಕನ್ನಡಕ ಬರೆದುಕೊಡುವವರ) ಪದವಿಗೆ ಈ ಸಲ ಸೀಟು ಸಿಕ್ಕವರೆಲ್ಲರ ಪರವಾಗಿ ಈ ವಂದನೆ. ಯಾರು ಏನು ಮಾಡಿಕೊಟ್ಟರೆಂದು ಬಿಡಿಸಿ ಹೇಳಿದರೆ ಮುಂದೆ ಬರುವ ತಮ್ಮ-ತಂಗಿಯರಿಗೂ ದಾರಿ ಕಂಡೀತು.

ಮೊದಲ ನಮಸ್ಕಾರ ಕಾಲೇಜಿನ ಸಲಹೆಗಾರರಿಗೆ. ಮೊದಲ ವರ್ಷವೇ ಕೂರಿಸಿಕೊಂಡು ಅಷ್ಟೂ ಸೆಮಿಸ್ಟರುಗಳ ಕೋರ್ಸ್ ಪಟ್ಟಿ ಹಾಕಿಸಿದರು. ಲ್ಯಾಬ್ ಇಲ್ಲದ ಮೈಕ್ರೊಬಯಾಲಜಿ, ವಿಜ್ಞಾನೇತರರಿಗೆಂದೇ ನಡೆಸುವ ಬಯಾಲಜಿ, ಇವನ್ನು ಆಪ್ಟೊಮೆಟ್ರಿ ಶಾಲೆಗಳು ಸಾಮಾನ್ಯವಾಗಿ ಪ್ರವೇಶದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೈಸ್ಕೂಲಿನಲ್ಲೇ ಗಳಿಸಿದ ಕಾಲೇಜು ಮಟ್ಟದ ಎಪಿ ಕ್ರೆಡಿಟ್‌ಗೆ ಒಂದೊಂದು ಶಾಲೆಯದು ಒಂದೊಂದು ನಿಯಮ. ಸ್ಟ್ಯಾಟಿಸ್ಟಿಕ್ಸ್, ಸೈಕಾಲಜಿ ಕೊನೆಯ ವರ್ಷಕ್ಕೆ ಉಳಿದರೂ ನಡೆಯುತ್ತದೆ. ಕೆಮಿಸ್ಟ್ರಿ ಉಳಿಯಬಾರದು, ಒಂದು ಮುಗಿಯದೆ ಇನ್ನೊಂದಕ್ಕೆ ಸೇರಿಸಿಕೊಳ್ಳುವುದಿಲ್ಲ.

ಫಿಸಿಕ್ಸ್ ಮೇಷ್ಟ್ರನ್ನು ಮರೆಯುವುದುಂಟೇ! ಎರಡನೇ ಸೆಮಿಸ್ಟರಿನ ಬೆಳಕು, ಮಸೂರ, ವಿದ್ಯುತ್ ಮಂಡಲ ಮುಗಿಯುವವರೆಗೂ ಓಎಟಿ (ಆಪ್ಟೊಮೆಟ್ರಿ ಪ್ರವೇಶ ಪರೀಕ್ಷೆ) ಬರೆಯಬೇಡಿ ಎಂದು ತಡೆದವರು ಅವರು. ಪರೀಕ್ಷೆಯ ಫಿಸಿಕ್ಸ್‌ನಲ್ಲಿ 50 ನಿಮಿಷಕ್ಕೆ 40 ಪ್ರಶ್ನೆ, ಕ್ಯಾಲ್ಕುಲೇಟರ್ ಇಲ್ಲ. ವಿಜ್ಞಾನ ವಿಭಾಗ ಇನ್ನೂ ಬಿಗಿ: ಬಯಾಲಜಿ 40, ಜನರಲ್ ಕೆಮಿಸ್ಟ್ರಿ 30, ಆರ್ಗ್ಯಾನಿಕ್ 30, ಒಟ್ಟು 90 ನಿಮಿಷ. ಅಂದರೆ ಪ್ರಶ್ನೆಗೆ 54 ಸೆಕೆಂಡು. ಸಮಯ ತಿನ್ನುವುದು ಕೆಮಿಸ್ಟ್ರಿಯ ಲೆಕ್ಕಗಳು. ಗೊತ್ತಿರುವುದನ್ನು ಮುಗಿಸಿ, ಉಳಿದದ್ದಕ್ಕೆ ಗುರುತು ಹಾಕಿ ಮುಂದೆ ಹೋಗುವ ಅಭ್ಯಾಸ ಮಾಡಿಸಿದ ಗೆಳೆಯರ ಓದಿನ ಗುಂಪಿಗೂ ಇಲ್ಲಿ ಪಾಲಿದೆ.

ತಮ್ಮ ಕ್ಲಿನಿಕ್‌ಗಳಲ್ಲಿ ಜೊತೆಗೆ ನಿಲ್ಲಿಸಿಕೊಂಡ ಆಪ್ಟೊಮೆಟ್ರಿಸ್ಟ್‌ಗಳ ಋಣ ದೊಡ್ಡದು. ರೋಗಿಯ ಒಪ್ಪಿಗೆ ಕೇಳಿಯೇ ಒಳಗೆ ಕರೆದರು. ಕನ್ನಡಕದ ನಂಬರ್ ನೋಡುವ ಫೊರಾಪ್ಟರ್‌ನಲ್ಲಿ ಮಸೂರ ಬದಲಿಸುವುದು, ಕಣ್ಣಿನ ಸೂಕ್ಷ್ಮದರ್ಶಕವಾದ ಸ್ಲಿಟ್ ಲ್ಯಾಂಪ್‌ನಲ್ಲಿ ಕಾರ್ನಿಯಾ ನೋಡುವುದು, ಕಣ್ಣಿನ ಒತ್ತಡ ಅಳೆಯುವುದು, ಎಲ್ಲಕ್ಕೂ ಕಾರಣ ವಿವರಿಸಿದರು. ಒಂದೇ ಕಡೆ ನಿಲ್ಲದೆ ಖಾಸಗಿ ಕ್ಲಿನಿಕ್, ಆಸ್ಪತ್ರೆ, ಲೋ ವಿಷನ್ (ಕನ್ನಡಕದಿಂದಲೂ ಸರಿಹೋಗದ ಮಂದದೃಷ್ಟಿ) ವಿಭಾಗ ಎಲ್ಲವನ್ನೂ ನೋಡಿ ಎಂದವರೂ ಅವರೇ. ಶಿಫಾರಸು ಪತ್ರಕ್ಕೆ ತಿಂಗಳುಗಳ ಒಡನಾಟ ಬೇಕು. ಒಂದು ಮಧ್ಯಾಹ್ನ ನೋಡಿದವರು ಬರೆದ ಪತ್ರದಲ್ಲಿ ಹೆಸರು ಬಿಟ್ಟರೆ ಏನಿರುತ್ತದೆ? ಅದಕ್ಕೇ ಹೋದ ದಿನವೇ ತಾರೀಖು, ಗಂಟೆ, ಕಂಡದ್ದು ಬರೆದಿಟ್ಟುಕೊಳ್ಳಲು ಹೇಳಿದರು.

ರಿಜಿಸ್ಟ್ರಾರ್ ಕಚೇರಿಯವರಿಗೂ ಕೃತಜ್ಞತೆಗಳು. ಹಲವು ಶಾಲೆಗಳಿಗೆ ಒಂದೇ ಅರ್ಜಿ ಹಾಕುವ ಆನ್‌ಲೈನ್ ಸೇವೆ ಆಪ್ಟೊಮ್‌ಕ್ಯಾಸ್‌ನಲ್ಲಿ ಕೋರ್ಸ್‌ಗಳನ್ನು ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಕಾಲೇಜಿನ ಅಂಕಪಟ್ಟಿಯಲ್ಲಿ) ಇರುವ ಹಾಗೆಯೇ, ಬಿಟ್ಟ ಕೋರ್ಸ್‌ನ ಡಬ್ಲ್ಯೂ ಗುರುತು ಕೂಡ ಸೇರಿಸಿ, ತುಂಬಬೇಕು. ತಾಳೆಯಾಗದಿದ್ದರೆ ಅರ್ಜಿ ವಾಪಸ್ ಬರುತ್ತದೆ. ಬಂದ ಅರ್ಜಿಗಳನ್ನು ನೋಡನೋಡುತ್ತಲೇ ಸೀಟು ಹಂಚುವ ಶಾಲೆಗಳೇ ಹೆಚ್ಚಿರುವಾಗ ಆ ವಿಳಂಬ ದುಬಾರಿ. ನಮ್ಮ ಟ್ರಾನ್ಸ್‌ಕ್ರಿಪ್ಟ್‌ಗಳು ಬೇಸಿಗೆ ರಜೆಯಲ್ಲೂ ತಡವಾಗದೆ ಹೊರಟವು.