ಮೊದಲ ಸಲದವರಿಗೂ ಒಂದು ವಿಭಾಗ ಇರಲಿ

ಸಂಪಾದಕರೇ,

ಸಹಾಯಾರ್ಥವಾಗಿ ನಡೆದ ಜಾಮ್ ಸ್ಪರ್ಧೆಗೆ ಮೊದಲ ಸಲ ಮನೆಯಲ್ಲೇ ಮಾಡಿದ ಕಿತ್ತಳೆ ಮಾರ್ಮಲೇಡ್ (ಸಿಪ್ಪೆಯನ್ನೂ ಸೇರಿಸಿ ಮಾಡುವ ಜಾಮ್) ಕಳಿಸಿದ್ದೆ. ಬಹುಮಾನ ಬರಲಿಲ್ಲ. ಆದರೆ ತೀರ್ಪುಗಾರರು ಬರೆದುಕೊಟ್ಟ ಮಾತು ಉಪಯೋಗಕ್ಕೆ ಬಂತು: ರುಚಿ ಚೆನ್ನಾಗಿದೆ, ಸಿಪ್ಪೆ ಇನ್ನೂ ಬೇಯಬೇಕಿತ್ತು. ನಿಜ. ಸಕ್ಕರೆ ಬಿದ್ದ ಮೇಲೆ ಸಿಪ್ಪೆ ಮೆತ್ತಗಾಗುವುದಿಲ್ಲ, ಅದಕ್ಕೇ ಬೆರಳಲ್ಲಿ ಹಿಸುಕಿದರೆ ನುಣ್ಣಗಾಗುವಷ್ಟು ಮೊದಲೇ ಬೇಯಿಸಬೇಕು, ಬೀಜಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಜೊತೆಗೇ ಹಾಕಿದರೆ ಅದರಲ್ಲಿರುವ ಅಂಟು ಪದಾರ್ಥವಾದ ಪೆಕ್ಟಿನ್‌ನಿಂದ ಪಾಕ ಚೆನ್ನಾಗಿ ಗಟ್ಟಿಯಾಗುತ್ತದೆ. ಸುಮಾರು 105 ಡಿಗ್ರಿ ಸೆಲ್ಸಿಯಸ್ ಬಂದಾಗ ತಣ್ಣಗಿನ ತಟ್ಟೆಗೆ ಒಂದು ಹನಿ ಹಾಕಿ ಬೆರಳಲ್ಲಿ ತಳ್ಳಿ, ಸುಕ್ಕುಗಟ್ಟಿದರೆ ಇಳಿಸಿ. ಪ್ರವೇಶ ಶುಲ್ಕ ಹೋಗುವುದು ಕಾಯಿಲೆಯವರ ಆರೈಕೆಗೆ ಅಲ್ವಾ, ಸೋತೆ ಅಂತ ಅನ್ನಿಸಲೇ ಇಲ್ಲ. ಆಯೋಜಕರಲ್ಲಿ ಒಂದೇ ಕೋರಿಕೆ: ಹೊಸಬರಿಗೆ ಬೇರೆ ವಿಭಾಗ ಇಡಿ, ಇನ್ನೂ ಜಾಸ್ತಿ ಬಾಟಲಿ ಬರುತ್ತವೆ.

ಇಂತಿ, ಒಬ್ಬ ಓದುಗರು